ಅಪೆಂಡಿಕ್ಸ್ ‘ಎ’: ಯಾರೂ ಓದದ ಇಂಗ್ಲಿಷ್ ಪಾಠ

ಪುಣೆ ಬಳಿಯ ನಿಗಡಿ ಪ್ರಾಧಿಕರಣದಲ್ಲಿ ಮನೆ ಮಾಡಿಕೊಂಡು ಪಿಂಪ್ರಿ ಕೋರ್ಟಿಗೂ ಶಿವಾಜಿನಗರಕ್ಕೂ ಓಡಾಡುವ ಕನ್ನಡದ ಕಿರಿಯ ವಕೀಲರಿಗೆ ಇಂಗ್ಲಿಷಿನ ಅಂಜಿಕೆ ಇನ್ನೂ ಹೋಗಿಲ್ಲ. ವಿಜಯಪುರ, ಜತ್ತ, ಅಕ್ಕಲಕೋಟೆ ಕಡೆಯವರು. ಶಾಲೆ ಕಲಿತದ್ದು ಕನ್ನಡದಲ್ಲಿ, ಕಕ್ಷಿದಾರರೊಡನೆ ಮಾತು ಮರಾಠಿಯಲ್ಲಿ. ಮಹಾರಾಷ್ಟ್ರದ ಕೆಳ ಕೋರ್ಟುಗಳ ಭಾಷೆ 1998ರಿಂದ ಮರಾಠಿಯೇ ಆದರೂ, ಮುಂಬೈ ಹೈಕೋರ್ಟಿನ ಮೆಟ್ಟಿಲು ಹತ್ತಿದರೆ ಸಂವಿಧಾನದ 348ನೇ ವಿಧಿ ಇಂಗ್ಲಿಷನ್ನೇ ಕೇಳುತ್ತದೆ. ಅಂಜಿಕೆಗೆ ಮದ್ದೆಂದು ಕೈಗೆ ಸಿಗುವವು ಎರಡು: ಲ್ಯಾಟಿನ್ ಸೂಕ್ತಿಗಳನ್ನು ಉರು ಹೊಡೆಸುವ ಗೈಡು, ಸೀನಿಯರ್ ಕಂಪ್ಯೂಟರಿನಲ್ಲಿರುವ ಹಳೆಯ ಡ್ರಾಫ್ಟು. ಎರಡಕ್ಕೂ ಯೋಗ್ಯತೆ ಮೀರಿದ ಮರ್ಯಾದೆ ಸಿಕ್ಕಿದೆ. ಮೋಘಾ ಅವರ ಪ್ಲೀಡಿಂಗ್ಸ್ ಪುಸ್ತಕವನ್ನು ನಾನು ಈ ಸಾಲಿಗೆ ಸೇರಿಸುವುದಿಲ್ಲ. ಅದರ ನಮೂನೆಗಳನ್ನಷ್ಟೇ ಜೆರಾಕ್ಸ್ ಮಾಡಿಸಿಕೊಂಡು ವಿವರಣೆಯನ್ನು ಹಾರಿಸುವುದು ಓದುಗರ ತಪ್ಪು.

ಓದಬೇಕಾದ ಪಠ್ಯ ಎಲ್ಲರ ಮೇಜಿನ ಮೇಲೂ ಬಿದ್ದಿದೆ: 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಅಪೆಂಡಿಕ್ಸ್ ‘ಎ’. ಅನ್ವಯವಾಗುವ ಕಡೆ ಅದರಲ್ಲಿರುವ ವಾದಪತ್ರ, ಪ್ರತಿವಾದ ಪತ್ರಗಳ ನಮೂನೆಗಳನ್ನೇ ಬಳಸಬೇಕೆಂದು ಆರ್ಡರ್ 6ರ ರೂಲ್ 3 ಹೇಳುತ್ತದೆ. ಪಾಲಿಸುವವರು ವಿರಳ.

ಅದರ ಮೊದಲ ನಮೂನೆ ಕೈಸಾಲದ ವಸೂಲಿಯದು. ಇಂಥ ದಿನ ವಾದಿ ಪ್ರತಿವಾದಿಗೆ ಇಷ್ಟು ರೂಪಾಯಿ ಕೊಟ್ಟ, ಇಂಥ ದಿನಕ್ಕೆ ಅದು ತೀರಬೇಕಿತ್ತು ಎಂಬಲ್ಲಿಗೆ ಒಂದನೇ ಪ್ಯಾರಾ ಮುಗಿಯಿತು. ಇಂಥ ದಿನ ಕೊಟ್ಟ ಇಷ್ಟನ್ನು ಬಿಟ್ಟರೆ ಮಿಕ್ಕದ್ದು ಬಂದಿಲ್ಲ ಎನ್ನುವುದು ಎರಡನೆಯದು. ಆಮೇಲೆ ಕಾಲಮಿತಿ, ಕೋರ್ಟಿನ ಅಧಿಕಾರವ್ಯಾಪ್ತಿ, ದಾವೆಯ ಬೆಲೆ, ಬೇಡಿಕೆ. ವಿಶೇಷಣ ಒಂದೂ ಇಲ್ಲ. ನಮ್ಮ ಡ್ರಾಫ್ಟುಗಳಲ್ಲಾದರೆ ವಾದಿ ಮೊದಲು ಸಂಭಾವಿತನೂ ಕಾನೂನಿಗೆ ತಲೆಬಾಗುವವನೂ ಆಗಬೇಕು, ಪ್ರತಿವಾದಿ ಸಿಹಿಮಾತಿನಿಂದ ಮರುಳು ಮಾಡಬೇಕು; ಹಣ ಕೈಬದಲಾಗುವುದು ಮೂರನೇ ಪುಟದಲ್ಲಿ. ನಮೂನೆಯ ಎರಡನೇ ಪ್ಯಾರಾದ ಜಾಣ್ಮೆಯನ್ನು ಗಮನಿಸಿ. ತನಗೆ ಬಂದ ಹಣವನ್ನು ವಾದಿಯೇ ಬರೆದು ಒಪ್ಪಿಕೊಳ್ಳುವಂತೆ ವಾಕ್ಯದ ಹೊಟ್ಟೆಯಲ್ಲೇ ಖಾಲಿ ಜಾಗ ಬಿಟ್ಟಿದ್ದಾರೆ. ಆ ಜಾಗ ತುಂಬಲು ಪದಕೋಶ ಬೇಡ, ಕಕ್ಷಿದಾರನನ್ನು ಕೂರಿಸಿಕೊಂಡು ಲೆಕ್ಕ ಕೇಳಬೇಕು.

ಪ್ರತಿವಾದಿಯ ಕಡೆ ಪಾಠ ಇನ್ನೂ ಸೂಕ್ಷ್ಮ. ‘ಅಲ್ಲಗಳೆಯುತ್ತೇನೆ’, ‘ಒಪ್ಪುವುದಿಲ್ಲ’, ‘ಒಪ್ಪುತ್ತೇನೆ, ಆದರೆ ಹೀಗೆ’: ಅಪೆಂಡಿಕ್ಸ್ ಈ ಮೂರನ್ನೂ ಬೇರೆಬೇರೆಯಾಗಿ ಬರೆದು ತೋರಿಸುತ್ತದೆ. ನನಗೆ ಗೊತ್ತಿರುವ ಸಂಗತಿಯನ್ನು ಸುಳ್ಳೆನ್ನುವುದು ಬೇರೆ, ಗೊತ್ತಿಲ್ಲದ್ದನ್ನು ನೀನೇ ರುಜುವಾತು ಮಾಡು ಎನ್ನುವುದು ಬೇರೆ. ಆರ್ಡರ್ 8ರ ರೂಲ್ 4 ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಐವತ್ತು ಸಾವಿರ ಪಡೆದೆ ಎಂದು ಆರೋಪವಿದ್ದರೆ ‘ಐವತ್ತು ಸಾವಿರ ಪಡೆದಿಲ್ಲ’ ಎಂದರೆ ಸಾಲದು, ನಲವತ್ತು ಪಡೆದವನೂ ಹಾಗೆನ್ನಬಹುದು. ಆ ಮೊತ್ತವನ್ನಾಗಲಿ ಅದರ ಯಾವ ಭಾಗವನ್ನಾಗಲಿ ಪಡೆದಿಲ್ಲ ಎನ್ನಬೇಕು, ಇಲ್ಲವೇ ಪಡೆದದ್ದೆಷ್ಟೆಂದು ಹೇಳಬೇಕು. ಸ್ಪಷ್ಟವಾಗಿ ಅಲ್ಲಗಳೆಯದ್ದು ಒಪ್ಪಿದಂತೆಯೇ ಎನ್ನುತ್ತದೆ ರೂಲ್ 5. ಹೀಗಿದ್ದೂ ‘ವಾದಪತ್ರದ ಪ್ರತಿಯೊಂದು ಮಾತೂ ಸುಳ್ಳು, ಕಪೋಲಕಲ್ಪಿತ’ ಎಂಬ ಒಂದೇ ಸಾಲು ಫೈಲಿನಿಂದ ಫೈಲಿಗೆ ಅಂಟುತ್ತಾ ಹೋಗುತ್ತದೆ. ಇಂಥ ಸಾರಾಸಗಟು ನಿರಾಕರಣೆ ನಡೆಯದೆಂದು ಅದೇ ಆರ್ಡರ್ 8ರ ರೂಲ್ 3 ಹೇಳಿ ನೂರು ವರ್ಷ ದಾಟಿತು. ಬಾದತ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಮೂರೂ ರೂಲುಗಳನ್ನು ಒಟ್ಟಿಗಿಟ್ಟು ವಿವರಿಸಿದ್ದೂ ಇದೆ. ಅಂಟಿಸುವವರಿಗೆ ಯಾವುದೂ ನಾಟಿಲ್ಲ.

ಅಪೆಂಡಿಕ್ಸಿಗೆ ಕೊರತೆಗಳಿಲ್ಲವೆಂದಲ್ಲ. ಹಿಂಜವಡಿಯ ಸಾಫ್ಟ್‌ವೇರ್ ಒಪ್ಪಂದಕ್ಕೆ ಅದರಲ್ಲಿ ಮಾದರಿ ಸಿಗುವುದಿಲ್ಲ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯಡಿ ಅಲ್ಲಗಳೆಯುವುದಕ್ಕೆ ಕಾರಣವನ್ನೂ ಕೊಡಬೇಕು. ಇರಲಿ.

ಇಷ್ಟು ಹೇಳಿದರೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಕೃಷ್ಣ ಅಯ್ಯರ್ ಅವರ ಭಕ್ತರು ಎದ್ದು ನಿಲ್ಲುತ್ತಾರೆ: ಕಾನೂನಿನ ಇಂಗ್ಲಿಷ್ ಎಂದರೆ ಅವರ ತೀರ್ಪುಗಳ ಇಂಗ್ಲಿಷ್, ನೀವು ಗುಮಾಸ್ತರ ಭಾಷೆ ಕಲಿಸಲು ಹೊರಟಿದ್ದೀರಿ ಎಂದು. ಜಾಮೀನಿನ ಬಗ್ಗೆ 1977–78ರಲ್ಲಿ ಅಯ್ಯರ್ ಬರೆದದ್ದು ಉಳಿದಿರುವುದು ಬಡವನ ಬಿಡುಗಡೆಗೆ ಹಣದ ಭದ್ರತೆ ಅಡ್ಡ ಬರಬಾರದೆಂಬ ವಿಚಾರದಿಂದ. ಅನುಕರಿಸುವವರು ಎತ್ತಿಕೊಂಡದ್ದು ಬರೀ ಪದಾಡಂಬರವನ್ನು. ಅದರ ಫಲ ಎಲ್ಲಿಗೆ ಮುಟ್ಟಿತೆಂದರೆ, 2017ರಲ್ಲಿ ಹಿಮಾಚಲ ಪ್ರದೇಶ ಹೈಕೋರ್ಟಿನ ಒಂದು ಬಾಡಿಗೆ ಜಗಳದ ತೀರ್ಪು ಅರ್ಥವೇ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿ ವಾಪಸ್ ಕಳಿಸಿತು. ಜಾಗ ಬಿಡಬೇಕೋ ಬೇಡವೋ ಎಂದು ಕಾಯುತ್ತಿದ್ದ ಕಕ್ಷಿದಾರರ ಪಾಡನ್ನು ಈ ಭಕ್ತರು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಇನ್ನೊಂದು ಬಣ ಇಂಗ್ಲಿಷನ್ನೇ ಓಡಿಸಿ ಎನ್ನುತ್ತದೆ. ಕೆಳ ಕೋರ್ಟಿನ ಮಟ್ಟಿಗೆ ಅವರ ಬೇಡಿಕೆ ನ್ಯಾಯವಾದದ್ದೇ. ಆದರೆ ಕಲಬುರಗಿಯಲ್ಲಿ ಕನ್ನಡದಲ್ಲೇ ಬರೆದ ಪ್ರತಿವಾದ ಪತ್ರವನ್ನೊಮ್ಮೆ ತೆರೆದು ನೋಡಲಿ. ಅಲ್ಲೂ ‘ಸದರಿ’ ‘ಮೇಲ್ಕಂಡ’ಗಳ ಸಂತೆ, ಅಲ್ಲೂ ಎಲ್ಲವೂ ಸುಳ್ಳು ಮತ್ತು ಕಪೋಲಕಲ್ಪಿತ, ಪ್ರತಿವಾದಿ ಎಷ್ಟು ಹಣ ಪಡೆದನೆಂಬುದು ಮಾತ್ರ ಅಲ್ಲೂ ಗೊತ್ತಾಗುವುದಿಲ್ಲ. ರೂಲ್ 4 ಕನ್ನಡಕ್ಕೂ ಅನ್ವಯಿಸುತ್ತದೆ.