ಕಲ್ಯಾಣದ ಹೆಬ್ಬಾಗಿಲು: ಮಂಟೇಸ್ವಾಮಿ ಕಾವ್ಯದ ಒಂದು ಪ್ರಸಂಗ

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ವಿದ್ಯಾವಂತರಾದ ನಾವು ಬಹುಮಟ್ಟಿಗೆ ವಚನಗಳ ಮೂಲಕವೇ ಅರಿತಿದ್ದೇವೆ. ಆದರೆ ಚಾಮರಾಜನಗರ ಸೀಮೆಯ ಜನರಿಗೆ ಇನ್ನೊಂದು ಕಲ್ಯಾಣವೂ ಪರಿಚಿತವಾಗಿದೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಬರುವ ಕಲ್ಯಾಣವದು. ಚಂದಕವಾಡಿ ಮೊದಲಾದ ಹೋಬಳಿಗಳ ಹಳ್ಳಿಗಳಿಗೂ ಚಿಕ್ಕಲ್ಲೂರಿನ ಜಾತ್ರೆಗೂ ಈ ಕಾವ್ಯ ಸಮಾನವಾದ ಸ್ವತ್ತು. ಇದರ ಮೊದಲ ಭಾಗದ ಒಂದು ಪ್ರಸಂಗವನ್ನು, ಸಮಾನತೆಯನ್ನು ಘೋಷಿಸಿದ ಸಮಾಜವೊಂದರ ಆಡಳಿತ ವಿಮರ್ಶೆಯೆಂಬ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಹಾಡುಗಾರರಿಂದ ಹಾಡುಗಾರರಿಗೆ ಪಾಠ ಭಿನ್ನವಾದರೂ ಕಥೆಯ ತಿರುಳು ಒಂದೇ. ‘ಧರೆಗೆ ದೊಡ್ಡವರು’ ಎನಿಸಿಕೊಂಡ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣವನ್ನು ಪರೀಕ್ಷಿಸಲು ಬರುತ್ತಾನೆ. ಅಲ್ಲಿ 1,96,000 ಜಂಗಮರಿಗೆ ನಿತ್ಯ ದಾಸೋಹ ನಡೆಯುತ್ತಿದೆ. ಜಾತಿಯ ಕಟ್ಟು ಕಳಚಿತೆಂಬ ಕೀರ್ತಿ ಹರಡಿದೆ. ಬಂದವನಾದರೋ ಕೀಳುಕುಲದವನ ವೇಷದಲ್ಲಿ, ನೋಡಿದವರು ಮುಖ ತಿರುಗಿಸುವಂಥ ರೋಗಿಯ ರೂಪದಲ್ಲಿ, ದುರ್ಗಂಧ ಬೀರುತ್ತ ಬಂದಿದ್ದಾನೆ. ಬಾಗಿಲಲ್ಲಿ ಅವನಿಗೆ ತಡೆಯಾಗುತ್ತದೆ. ಒಳಗಿನ ಜಂಗಮರೂ ಅವನನ್ನು ಹೊರದೂಡುತ್ತಾರೆ. ಕಡೆಗೆ ಬಸವಣ್ಣನೂ ನೀಲಮ್ಮನೂ ತಾವೇ ಹೊರಗೆ ಬಂದು, ಅವನನ್ನು ಹುಡುಕಿ ಬರಮಾಡಿಕೊಳ್ಳುತ್ತಾರೆ.

ಶರಣಧರ್ಮವು ವೇಷಮಾತ್ರವಾಗಿ ಉಳಿದುದರ ಖಂಡನೆಯೆಂದು ವಿದ್ವಾಂಸರು ಈ ಪ್ರಸಂಗವನ್ನು ವ್ಯಾಖ್ಯಾನಿಸುವುದುಂಟು. ಅದು ಸರಿಯೇ. ಆದರೆ ಅಷ್ಟಕ್ಕೆ ನಿಂತರೆ ಕಾವ್ಯದ ಎರಡು ಮುಖ್ಯ ಅಂಶಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮೊದಲನೆಯದಾಗಿ, ಇಲ್ಲಿ ಕುಲವೂ ರೋಗವೂ ಒಂದೇ ದೇಹದಲ್ಲಿ ಕೂಡಿವೆ. ದೂರ ತಳ್ಳುವವನು ಹೊಲಸನ್ನು ತಳ್ಳಿದನೋ ಜಾತಿಯನ್ನು ತಳ್ಳಿದನೋ ಎಂಬುದನ್ನು ಅವನೇ ಬೇರ್ಪಡಿಸಿ ಹೇಳಲಾರ. ‘ಮೈಲಿಗೆ’ ಎಂಬ ಒಂದೇ ಮಾತು ಎರಡಕ್ಕೂ ಸಲ್ಲುತ್ತದೆ. ಎರಡನೆಯದಾಗಿ, ಕಲ್ಯಾಣದ ಕಟ್ಟಳೆಯಲ್ಲಿ ದೋಷವಿಲ್ಲ. ಬಸವಣ್ಣನ ಮನಸ್ಸಿನಲ್ಲಿಯೂ ಇಲ್ಲ. ಅನ್ಯಾಯ ನಡೆಯುವುದು ಬಾಗಿಲಲ್ಲಿ. ಒಳಗಿನ ಧರ್ಮವನ್ನು ಹೊರಗಿನವನಿಗೆ ತಲುಪಿಸಬೇಕಾದ ನಡುವಣ ಮನುಷ್ಯನ ಕೈಯಲ್ಲಿ ಅದು ನಡೆಯುತ್ತದೆ. ಸಮಾನತೆಯ ಪರೀಕ್ಷೆ ಶಾಸನದ ಪಾಠದಲ್ಲಲ್ಲದೆ ಹೊಸ್ತಿಲಲ್ಲಿ ಆಗುತ್ತದೆ ಎಂಬುದೇ ಈ ಕಾವ್ಯದ ಒಳನೋಟ.

ಈ ಒಳನೋಟ ಒಂದು ಸೀಮೆಗೆ ಮೀಸಲಾದುದಲ್ಲ. ದಕ್ಷಿಣ ಆಫ್ರಿಕದಲ್ಲಿ 1948ರಿಂದ ರಾಜ್ಯನೀತಿಯಾಗಿದ್ದ ವರ್ಣಭೇದವು 1994ರ ಚುನಾವಣೆಯೊಂದಿಗೆ ಕೊನೆಗೊಂಡಿತು. 1996ರ ಸಂವಿಧಾನದ 27ನೆಯ ವಿಧಿಯು ಆರೋಗ್ಯ ಸೇವೆಯನ್ನು ಪಡೆಯುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. ಆದರೂ ಎಚ್‌ಐವಿ ಸೋಂಕು ತಾಯಿಯಿಂದ ಮಗುವಿಗೆ ಹರಡದಂತೆ ತಡೆಯುವ ನೆವಿರಪಿನ್ ಔಷಧವನ್ನು ಸರ್ಕಾರವು ಪ್ರತಿ ಪ್ರಾಂತದಲ್ಲಿ ಎರಡೆರಡು ಕೇಂದ್ರಗಳಿಗೆ ಮಾತ್ರ ಸೀಮಿತಗೊಳಿಸಿತ್ತು. ಔಷಧವನ್ನು ಉಚಿತವಾಗಿ ಕೊಡಲು ತಯಾರಕರು ಮುಂದೆ ಬಂದಿದ್ದರೂ ಮಿಕ್ಕ ಆಸ್ಪತ್ರೆಗಳ ಬಾಗಿಲಿಗೆ ಬಂದ ತಾಯಂದಿರಿಗೆ ಅದು ದೊರೆಯಲಿಲ್ಲ. 2002ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವು ಈ ನಿರ್ಬಂಧವನ್ನು ತೆಗೆಯಬೇಕೆಂದು ಆಜ್ಞಾಪಿಸಿತು. ಹಳೆಯ ಅನ್ಯಾಯದ ವಿರುದ್ಧ ಹೋರಾಡಿ ಅಧಿಕಾರಕ್ಕೆ ಬಂದವರ ಕಾಲದಲ್ಲಿಯೇ ಹೀಗಾದುದು ಗಮನಾರ್ಹ.

ಇನ್ನು ನಮ್ಮಲ್ಲಿಗೆ ಬರೋಣ. ಸಂವಿಧಾನದ 17ನೆಯ ವಿಧಿಯು 1950ರಲ್ಲಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರಲ್ಲಿ ಅದರ ಆಚರಣೆಯನ್ನು ದಂಡಿಸುವ ಕಾಯಿದೆ ಬಂದಿತು. ಆಡಳಿತ ಜನರಿಗೆ ಹತ್ತಿರವಾಗಲೆಂದು 1997ರ ಆಗಸ್ಟ್‌ನಲ್ಲಿ ಮೈಸೂರಿನಿಂದ ಬೇರ್ಪಡಿಸಿ ಚಾಮರಾಜನಗರ ಜಿಲ್ಲೆಯನ್ನು ರಚಿಸಲಾಯಿತು. ಹೀಗಿದ್ದೂ 2021ರ ಮೇ 2 ಮತ್ತು 3ರಂದು, ಸಾಂಕ್ರಾಮಿಕದ ನಡುವೆ, ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಸರಬರಾಜು ಕುಸಿದಾಗ, ಇಪ್ಪತ್ತನಾಲ್ಕು ಗಂಟೆಗಳ ಅವಧಿಯಲ್ಲಿ 24 ರೋಗಿಗಳು ಪ್ರಾಣ ಬಿಟ್ಟರು. ಸಿಲಿಂಡರುಗಳಿಗೆ ಮೈಸೂರನ್ನೇ ನೆಚ್ಚಬೇಕಾಗಿದ್ದ ಸ್ಥಿತಿ. ಎರಡು ಜಿಲ್ಲೆಗಳ ಅಧಿಕಾರಿಗಳ ನಡುವೆ ಹೊಣೆಯ ವಾದ. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರವೆಂಬ ಸರ್ಕಾರದ ಮೊದಲ ಹೇಳಿಕೆ: ಇವನ್ನೆಲ್ಲ ನಾವು ಕಂಡೆವು. ಇಲ್ಲಿ ಯಾರೂ ಜಾತಿ ಕೇಳಿ ಬಾಗಿಲು ಮುಚ್ಚಲಿಲ್ಲ, ನಿಜ. ಆದರೆ ಕೇಂದ್ರದಿಂದ ದೂರವಿರುವವನ ಉಸಿರು ಕಡೆಯ ಲೆಕ್ಕಕ್ಕೆ ಬರುತ್ತದೆಂಬ ಹಳೆಯ ರೂಢಿಗೆ ಬಾಗಿಲು ಕಾಯುವವನ ದ್ವೇಷವೂ ಬೇಕಾಗುವುದಿಲ್ಲ. ಅವನ ಉದಾಸೀನವೇ ಸಾಕು.

ಇದಕ್ಕೆ ಪ್ರತಿಯಾಗಿ ನಿಲ್ಲುವ ನಿದರ್ಶನವೂ ಇದೇ ಜಿಲ್ಲೆಯಲ್ಲಿದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. 1986ರಲ್ಲಿ ಸ್ಥಾಪಿತವಾದ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ನಿವಾರಣೆಗೆ ಕೈಹಾಕಿತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ವಹಿಸಿಕೊಂಡಿತು. ರೋಗಿ ಬಾಗಿಲಿಗೆ ಬರಲೆಂದು ಕಾಯದೆ ರೋಗಿಯನ್ನು ಅರಸಿ ಹೋಗುವುದು ಇಂಥ ಕೆಲಸದ ಜೀವಾಳ. ಬಸವಣ್ಣ ಮತ್ತು ನೀಲಮ್ಮ ಹೆಬ್ಬಾಗಿಲನ್ನು ದಾಟಿ ಹೊರಬಂದ ಆ ಘಳಿಗೆಯನ್ನು ಇದು ನೆನಪಿಗೆ ತರುತ್ತದೆ.

ಆದರೆ ವಿಮರ್ಶಕರಾದ ನಾವು ಕಾವ್ಯದ ಮಿತಿಯನ್ನೂ ಹೇಳಬೇಕು. ಕಥೆಯಲ್ಲಿ ನ್ಯಾಯವು ದೊರೆಯುವುದು ಒಬ್ಬ ಸಜ್ಜನನ ಪಶ್ಚಾತ್ತಾಪದಿಂದ. ಬಾಗಿಲಿನ ಕಾವಲು ಮಾರನೆಯ ದಿನ ಹೇಗೆ ನಡೆಯಿತೆಂಬುದರ ಕಡೆಗೆ ಕಥೆಯ ಲಕ್ಷ್ಯವಿಲ್ಲ. ಮೇಲಾಗಿ ಬಂದವನು ಸಾಕ್ಷಾತ್ ಪರಂಜ್ಯೋತಿ. ಅವನ ಮಹಿಮೆ ತಿಳಿದ ಬಳಿಕ ಅವನನ್ನು ಬರಮಾಡಿಕೊಳ್ಳುವುದು ಕಷ್ಟದ ಮಾತಲ್ಲ. ಮಹಿಮೆಯಿಲ್ಲದ, ಬರಿಯ ರೋಗಿಯಾದ ಮನುಷ್ಯನೊಬ್ಬ ಅದೇ ಬಾಗಿಲಿಗೆ ಬಂದಿದ್ದರೆ ಏನಾಗುತ್ತಿತ್ತು? ಮಹಾತ್ಮರ ಕರುಣೆಯನ್ನು ನೆಚ್ಚಿದ ವ್ಯವಸ್ಥೆಗೆ ಈ ಪ್ರಶ್ನೆಗೆ ಉತ್ತರ ಕೊಡಲಾಗದು. ಯಳಂದೂರಿನ ಸೇವೆ ಎಷ್ಟೇ ಶ್ಲಾಘ್ಯವಾದರೂ ಅದು ಸರ್ಕಾರದ ಹೊಣೆಯನ್ನು ಇಳಿಸುವುದಿಲ್ಲ. ಆ ಹೊಣೆಯನ್ನು ಹೊರಲು ಸಾಧ್ಯವೆಂಬುದಕ್ಕೆ ಸಾಕ್ಷಿಯಾಗುತ್ತದೆ, ಅಷ್ಟೆ.

ಕಾವ್ಯವು ಈ ಉತ್ತರವನ್ನು ಕೊಡದಿರುವುದು ಅದರ ಲೋಪವೆಂದು ಭಾವಿಸಬೇಕಾಗಿಲ್ಲ. ಹಾಡುವವರೂ ಕೇಳುವವರೂ ಬಹುಮಟ್ಟಿಗೆ ಬಾಗಿಲ ಹೊರಗೆ ನಿಂತವರ ಮಕ್ಕಳು. ಒಳಗಿನ ಏರ್ಪಾಡನ್ನು ತಿದ್ದುವ ಅಧಿಕಾರ ಅವರಿಗೆ ಇದ್ದುದಿಲ್ಲ. ಇಂದು ಮತದಾನದ ಹಕ್ಕೂ ಪಂಚಾಯತಿಯ ಸ್ಥಾನವೂ ಅವರಿಗಿವೆ. ಆದುದರಿಂದ ಈ ಪ್ರಸಂಗವನ್ನು ಪಾಠ ಹೇಳುವಾಗ ಬಸವಣ್ಣ ಮನ್ನಿಸಿಕೊಂಡನೆಂಬಲ್ಲಿಗೆ ಮುಗಿಸದೆ, ಬಾಗಿಲನ್ನು ಕಾಯುವವರು ಯಾರಿಗೆ ಲೆಕ್ಕ ಒಪ್ಪಿಸಬೇಕೆಂಬ ಪ್ರಶ್ನೆಯನ್ನೂ ವಿದ್ಯಾರ್ಥಿಗಳ ಮುಂದಿಡುವುದು ಅಧ್ಯಾಪಕರ ಕರ್ತವ್ಯವೆಂದು ನಮ್ಮ ಅಭಿಪ್ರಾಯ.