ಗಡಿನಾಡ ಕನ್ನಡದ ಪಠ್ಯಗಳೂ ಗಣಕದ ಅಕ್ಷರದೋಷವೂ: ಒಂದು ವಿಮರ್ಶೆ

೧

ಉಪಭಾಷೆಯ ಅಧ್ಯಯನದಲ್ಲಿ ಸಂಗ್ರಹ ಮೊದಲು, ವಿವೇಚನೆ ಆಮೇಲೆ. ಬರೆದುಕೊಂಡ ಅಕ್ಷರವೇ ತಪ್ಪಿದ್ದರೆ ಅದರ ಮೇಲೆ ಕಟ್ಟಿದ ಸಿದ್ಧಾಂತ ಎಷ್ಟು ಚೆನ್ನಾಗಿದ್ದರೂ ನಿಲ್ಲಲಾರದು. ಕಾಸರಗೋಡಿನಿಂದ ಹಿಡಿದು ಜತ್, ಅಕ್ಕಲಕೋಟೆಗಳವರೆಗೆ ಗಡಿಯಾಚೆಯ ಕನ್ನಡಿಗರ ಮಾತನ್ನು ಸಂಗ್ರಹಿಸುವವರು ಈಗ ಹೆಚ್ಚಾಗಿ ಗಣಕದಲ್ಲೇ ಬರೆಯುತ್ತಾರೆ. ಬರೆದದ್ದು ಒಂದು ಯಂತ್ರದಲ್ಲಿ ನೆಟ್ಟಗೆ ಕಾಣುತ್ತದೆ. ಇನ್ನೊಂದರಲ್ಲಿ ತೆರೆದರೆ ಚೌಕಗಳು, ಪ್ರಶ್ನಾರ್ಥಕ ಚಿಹ್ನೆಗಳು, ತಲೆಯ ಮೇಲೆ ಗೆರೆ ಹೊತ್ತ ರೋಮನ್ ಅಕ್ಷರಗಳು. ಆಗ ನಮ್ಮವರು ಮಾಡುವುದೇನು? "ಫಾಂಟು ಬದಲಾಯಿಸಿ ನೋಡಿ" ಅಂತಾರೆ. ಅದಕ್ಕೂ ಬಗ್ಗದಿದ್ದರೆ ತೊಂದರೆ ಕೊಡುವ ಅಕ್ಷರವನ್ನೇ ತೆಗೆದು ಹತ್ತಿರದ ಇನ್ನೊಂದನ್ನು ಕೂರಿಸುತ್ತಾರೆ. ಪುಟ ಚೊಕ್ಕಟವಾಯಿತು, ನಿಜ. ಆದರೆ ಆ ಅಕ್ಷರ ಸಂಗ್ರಾಹಕ ಕಿವಿಯಿಟ್ಟು ಕೇಳಿ ಬರೆದುಕೊಂಡದ್ದು. ಅದು ಹೋದರೆ ಉಪಭಾಷೆಯ ಲಕ್ಷಣವೇ ಹೋದಂತೆ.

ಈ ಪ್ರಬಂಧದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ: ನೋಟವನ್ನು ಸರಿಪಡಿಸುವುದು ಬೇರೆ, ಪಾಠವನ್ನು ಸರಿಪಡಿಸುವುದು ಬೇರೆ. ಇವೆರಡನ್ನೂ ಒಂದೆಂದು ತಿಳಿದದ್ದರಿಂದ ಗಡಿನಾಡ ಪಠ್ಯಗಳಿಗೆ ಹಾನಿಯಾಗುತ್ತಿದೆ. ನನ್ನ ವಿದ್ಯೆ ವ್ಯಾಕರಣದ್ದು. ಗಣಕ ಬಲ್ಲ ಕಿರಿಯರಿಂದ ಕೇಳಿ ತಿಳಿದದ್ದನ್ನು ಶಾಸ್ತ್ರದ ಕ್ರಮದಲ್ಲಿಟ್ಟು ಪರೀಕ್ಷಿಸಿದ್ದೇನೆ.

೨

ಪಾಣಿನೀಯದಲ್ಲಿ ಸ್ಥಾನಿ, ಆದೇಶ ಎಂಬ ಎರಡು ಮಾತುಗಳಿವೆ. ಯಾವುದರ ಜಾಗದಲ್ಲಿ ಬರುತ್ತದೋ ಅದು ಸ್ಥಾನಿ, ಬಂದು ಕೂರುವುದು ಆದೇಶ. ಗಣಕದ ಪಠ್ಯವನ್ನೂ ಹೀಗೇ ತಿಳಿಯಬಹುದು. ಕಡತದೊಳಗೆ ಇರುವುದು ಸಂಖ್ಯೆ. ಪರದೆಯ ಮೇಲೆ ಕಾಣುವುದು ಅದರ ಜಾಗದಲ್ಲಿ ಬಂದ ರೂಪ. 'ಕ್ಷ' ಕಣ್ಣಿಗೆ ಒಂದು, ಒಳಗೆ ಕಕಾರ, ಹಲಂತ, ಷಕಾರ ಎಂದು ಮೂರು. 'ಅರ್ಕ' ಎಂಬಲ್ಲಿ ಅರ್ಕಾವೊತ್ತು ಕಕಾರದ ಆಚೆಗೆ ಕಾಣುತ್ತದೆ, ಒಳಗೆ ರೇಫವೇ ಮುಂಚೆ ಇರುತ್ತದೆ. ಒಳಗಿನದು ಉಚ್ಚಾರಣೆಯ ಕ್ರಮ, ಹೊರಗಿನದು ಬರವಣಿಗೆಯ ಕ್ರಮ.

೧೯೯೧ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. ೧೯೯೨ರಲ್ಲಿ ರೂಪುಗೊಂಡ ಯುಟಿಎಫ್-೮ ಎಂಬ ಸಂಕೇತಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. 'ಕ' ಎಂದರೆ ೨೨೪, ೧೭೮, ೧೪೯. ಈ ಮೂರನ್ನೂ ಕೂಡಿಸಿ ಓದಬೇಕು. ಎಡಿಟರ್ ತಂತ್ರಾಂಶವು ಇದನ್ನು ಪಶ್ಚಿಮ ಯೂರೋಪಿನ ಹಳೆಯ ಸಂಕೇತಪಟ್ಟಿ ಎಂದು ಭ್ರಮಿಸಿದರೆ ಒಂದೊಂದು ಬೈಟಿಗೂ ಒಂದೊಂದು ಅಕ್ಷರ ತೋರಿಸುತ್ತದೆ. ೨೨೪ಕ್ಕೆ ತಲೆಯ ಮೇಲೆ ಓರೆಗೆರೆಯಿರುವ ರೋಮನ್ ಚಿಕ್ಕ 'ಎ', ೧೭೮ಕ್ಕೆ ವರ್ಗದ ಚಿಹ್ನೆಯಾಗಿ ಹಾಕುವ ಸಣ್ಣ ೨, ೧೪೯ಕ್ಕೆ ಒಂದು ದಪ್ಪ ಚುಕ್ಕೆ. ಹಗ್ಗವನ್ನು ಹಾವೆಂದು ಕಂಡ ಹಾಗೆ. ಹಗ್ಗ ಹಗ್ಗವಾಗಿಯೇ ಇದೆ, ಹೊಡೆಯಬೇಕಾದ್ದೇನೂ ಅಲ್ಲಿಲ್ಲ.

ಗಡಿನಾಡಿನವರಿಗೆ ಉಪಯೋಗವಾಗುವ ಒಂದು ಸಂಗತಿ ಇಲ್ಲಿದೆ. ಹೀಗೆ ಕೆಟ್ಟು ಕಾಣುವ ಪುಟದಲ್ಲೂ ಮೂಲಭಾಷೆಯ ಲಿಪಿಯನ್ನು ಗುರುತಿಸಬಹುದು. ಓರೆಗೆರೆಯ 'ಎ' ಎಲ್ಲಕ್ಕೂ ಸಮಾನ. ಅದರ ಮುಂದಿನ ಗುರುತನ್ನು ನೋಡಬೇಕು. ಸಣ್ಣ ೨ ಅಥವಾ ೩ ಇದ್ದರೆ ಕನ್ನಡ. ಡಿಗ್ರಿಯ ಸೊನ್ನೆ ಅಥವಾ ಕೂಡು-ಕಳೆ ಸೇರಿದ ಗುರುತಿದ್ದರೆ ತೆಲುಗು. ವೃತ್ತದೊಳಗೆ 'ಆರ್' ಅಥವಾ ಬರಿಯ ಮೇಲ್ಗೆರೆ ಬಂದರೆ ತಮಿಳು. ಒಂಟಿ ಓರೆಗೆರೆ ಅಥವಾ ಗ್ರೀಕರ ಮ್ಯೂ ಬಂದರೆ ಮಲಯಾಳ. ಎರಡು ಲಿಪಿ ಬೆರೆತ ಆದೋನಿ, ರಾಯದುರ್ಗಗಳ ಪದಪಟ್ಟಿಯಲ್ಲಿ ಯಾವ ಕಂಬಸಾಲು ಯಾವ ಲಿಪಿಯದು ಎಂದು ತಿಳಿಯಲು ಇಷ್ಟು ಸಾಕು.

೩

ವೈದ್ಯಶಾಸ್ತ್ರದಲ್ಲಿ ನಿದಾನ ಮೊದಲು, ಚಿಕಿತ್ಸೆ ನಂತರ. ಇಲ್ಲಿಯೂ ಹಾಗೆಯೇ ಆಗಬೇಕು. ರೋಗ ನಾಲ್ಕು ಬಗೆ.

ಮೊದಲನೆಯದು ಮೇಲೆ ಹೇಳಿದ ಭ್ರಮೆ. ಕಡತವನ್ನು ಏನೂ ತಿದ್ದದೆ, ಉಳಿಸದೆ ಮುಚ್ಚಿ, ಸಂಕೇತಕ್ರಮ ಯುಟಿಎಫ್-೮ ಎಂದು ಆರಿಸಿ ಮತ್ತೆ ತೆರೆಯಬೇಕು. ಇಲ್ಲಿ ಫಾಂಟು ಬದಲಾಯಿಸಿ ಪ್ರಯೋಜನವಿಲ್ಲ.

ಎರಡನೆಯದು ಚೌಕಗಳು. ಸಂಖ್ಯೆ ಸರಿಯಾಗಿದೆ, ಎಡಿಟರ್ ಸರಿಯಾಗಿಯೇ ಓದಿದೆ, ಫಾಂಟಿನಲ್ಲಿ ಆ ಅಕ್ಷರದ ಚಿತ್ರವಿಲ್ಲ. ಫಾಂಟಿನ ಮದ್ದು ಸಲ್ಲುವುದು ಇಲ್ಲಿ ಮಾತ್ರ.

ಮೂರನೆಯದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಕನ್ನಡ ಪಠ್ಯವನ್ನು ಹಳೆಯ ಪಟ್ಟಿಯಲ್ಲಿ ಉಳಿಸಿದಾಗ, ಅಲ್ಲಿ ಜಾಗವಿಲ್ಲದ ಅಕ್ಷರಗಳಿಗೆಲ್ಲ ೬೩ ಎಂಬ ಒಂದೇ ಸಂಖ್ಯೆ ಬಿದ್ದಿರುತ್ತದೆ. ಅದೇ ಪ್ರಶ್ನಾರ್ಥಕ ಚಿಹ್ನೆ. ವಿಂಡೋಸಿನ ನೋಟ್‌ಪ್ಯಾಡ್ ೨೦೧೯ರಿಂದ ಯುಟಿಎಫ್-೮ನ್ನೇ ರೂಢಿಯ ಕ್ರಮವಾಗಿ ಇಟ್ಟುಕೊಂಡಿತು. ಅದಕ್ಕೆ ಮೊದಲು ಹಳೆಯ ಪಟ್ಟಿಯೇ ರೂಢಿಯಾಗಿತ್ತು. ಅಕ್ಷರ ನಷ್ಟವಾಗುತ್ತದೆ ಎಂಬ ಎಚ್ಚರಿಕೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ಓದದೆ ಒಪ್ಪಿಗೆ ಒತ್ತಿದವರ ಕಡತಗಳು ಹೋದವು. ವ್ಯಾಕರಣದಲ್ಲಿ ಪ್ರತ್ಯಯ ಲೋಪವಾದರೂ ಅದರ ಕಾರ್ಯ ಉಳಿಯುವುದುಂಟು. ಈ ಲೋಪದಲ್ಲಿ ಎಷ್ಟು ಸಂಕೇತಗಳಿದ್ದವು ಎಂಬುದಷ್ಟೇ ತಿಳಿಯುತ್ತದೆ, ಯಾವುವು ಎಂಬುದು ತಿಳಿಯದು. ಇದಕ್ಕೆ ಮದ್ದಿಲ್ಲ. ಹಳೆಯ ಪ್ರತಿ ಇದ್ದರೆ ಅದೇ ಗತಿ.

ನಾಲ್ಕನೆಯದು ಯೂನಿಕೋಡ್ ರೂಢಿಗೆ ಬರುವ ಮೊದಲಿನ ಕಡತಗಳು. ಬರಹ, ನುಡಿ ಮೊದಲಾದ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಹಳೆಯ ವಿನ್ಯಾಸದಲ್ಲಿ ರೋಮನ್ ಅಕ್ಷರಗಳ ಮನೆಯಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿದ್ದರು. ನುಡಿಯ ಹಳೆಯ ಕಡತವನ್ನು ಅದರ ಫಾಂಟಿಲ್ಲದೆ ತೆರೆದರೆ 'ಕ' ಎಂಬುದು ರೋಮನ್ ದೊಡ್ಡ 'ಪಿ', ಅದರ ಪಕ್ಕ ಓರೆಗೆರೆಯ ದೊಡ್ಡ 'ಎ' ಆಗಿ ಕಾಣುತ್ತದೆ. ಗಮನಿಸಿ: ಮೊದಲ ರೋಗದಲ್ಲಿ ಚಿಕ್ಕ 'ಎ', ಇಲ್ಲಿ ದೊಡ್ಡದು. ಇದಕ್ಕೆ ಸಂಕೇತಕ್ರಮ ಬದಲಿಸಿದರೆ ಆಗದು, ಪರಿವರ್ತಕ ತಂತ್ರಾಂಶವೇ ಬೇಕು. ಅದರಲ್ಲೂ ಒಂದು ಅಪಾಯವಿದೆ. ಪದಕೋಶದ ಕಡತದಲ್ಲಿ ಕನ್ನಡದ ಪಕ್ಕ ರೋಮನ್ ಲಿಪ್ಯಂತರವೂ ಇರುತ್ತದೆ. ಫಾಂಟಿನ ಮಾಹಿತಿ ಕಳಚಿದ ಬರಿಯ ಪಠ್ಯದಲ್ಲಿ ಎರಡಕ್ಕೂ ಸಂಖ್ಯೆ ಒಂದೇ ಆದ್ದರಿಂದ ಪರಿವರ್ತಕವು ರೋಮನ್ ಭಾಗವನ್ನೂ ಕನ್ನಡವೆಂದು ತಿಳಿದು ಕಲಸಿಬಿಡುತ್ತದೆ. ಕಂಬಸಾಲುಗಳನ್ನು ಮೊದಲು ಬೇರ್ಪಡಿಸಿ, ಆಮೇಲೆ ಪರಿವರ್ತಿಸಬೇಕು.

೪

ಈಗ ಉಪಭಾಷೆಯ ಅಕ್ಷರಗಳಿಗೆ ಬರೋಣ. ಶಿಷ್ಟಭಾಷೆಯ ಪಠ್ಯ ಕೆಟ್ಟರೆ ಓದುಗ ಊಹೆಯಿಂದ ತುಂಬಿಕೊಳ್ಳಬಲ್ಲ. ಉಪಭಾಷೆಯ ಪಠ್ಯದಲ್ಲಿ ಊಹೆಗೆ ಅವಕಾಶವಿಲ್ಲ, ಊಹಿಸಿದರೆ ಶಿಷ್ಟರೂಪವೇ ಬಂದು ಕೂರುತ್ತದೆ.

ಕಾಸರಗೋಡಿನ ಹವ್ಯಕ ಕನ್ನಡವನ್ನು ನೋಡಿ. ಅಲ್ಲಿ ಸ್ವರವೇ ಅನುನಾಸಿಕವಾಗುವುದುಂಟು. ಅದನ್ನು ತೋರಿಸಲು ಅಕ್ಷರದ ಬಲಮೇಲ್ತುದಿಯಲ್ಲಿ ಕೂರುವ ಸೊನ್ನೆಯೊಂದನ್ನು, ಕೊಂಕಣಿಯ ಬಳಕೆಯೊಂದಿಗೆ ಸೇರಿಸಿ, ೨೦೨೨ರ ಹದಿನೈದನೆಯ ಆವೃತ್ತಿಯಲ್ಲಿ ಯೂನಿಕೋಡ್ ಒಪ್ಪಿತು. ಆದರೆ ಅದಕ್ಕಿಂತ ಹಳೆಯ ಫಾಂಟಿನಲ್ಲಿ ಅದು ಚೌಕವಾಗಿಯೇ ಕಾಣುತ್ತದೆ. ಚೌಕ ಕಂಡ ಸಂಪಾದಕರು ಅಲ್ಲಿ ಸಾಮಾನ್ಯ ಅನುಸ್ವಾರ ಹಾಕಿಬಿಟ್ಟರೆ? ಅನುಸ್ವಾರ ಬೇರೆ, ಅನುನಾಸಿಕ ಬೇರೆ ಎಂದು ಶಿಕ್ಷಾಶಾಸ್ತ್ರದವರು ಎಷ್ಟು ಕಾಲದ ಹಿಂದೆಯೇ ಬೇರ್ಪಡಿಸಿ ಹೇಳಿದ್ದಾರೆ! ಆ ಭೇದವನ್ನು ನಾವು ಒಂದು ಚೌಕಕ್ಕೆ ಹೆದರಿ ಅಳಿಸುವುದೇ?

ಸೊಲ್ಲಾಪುರ, ಜತ್ ಕಡೆಯವರ ಬಾಯಲ್ಲಿ ಮರಾಠಿಯಿಂದ ಬಂದ ಮಾತುಗಳಿವೆ. ಮರಾಠಿಯಲ್ಲಿ ಚಕಾರ ಜಕಾರಗಳಿಗೆ ತಾಲವ್ಯ, ದಂತ್ಯ ಎಂದು ಎರಡೆರಡು ಉಚ್ಚಾರಣೆ. ತೆಲುಗಿನಲ್ಲೂ ಈ ಭೇದವಿದ್ದು, ತೆಲುಗು ಲಿಪಿಗೆ ಇದಕ್ಕಾಗಿ ೨೦೦೮ರಲ್ಲಿ ಯೂನಿಕೋಡಿನಲ್ಲಿ ಪ್ರತ್ಯೇಕ ಅಕ್ಷರಗಳು ಬಂದವು. ಕನ್ನಡದಲ್ಲಿ ಇದನ್ನು ಕೆಳಚುಕ್ಕೆಯಿಂದ ತೋರಿಸಬಹುದು. ಆ ಚುಕ್ಕೆ ೨೦೦೩ರಿಂದ ಯೂನಿಕೋಡಿನಲ್ಲಿದೆ. ಚುಕ್ಕೆ ಸರಿಯಾಗಿ ಕೂರದೆ ಪಕ್ಕಕ್ಕೆ ಸರಿದು ಕಂಡರೆ ಅದು ಫಾಂಟಿನ ದೋಷ. ಪಠ್ಯದಿಂದ ಚುಕ್ಕೆಯನ್ನು ಕಿತ್ತುಹಾಕುವುದು ನಮ್ಮ ದೋಷ.

ನೀಲಗಿರಿಯ ಬಡಗ ನುಡಿಯನ್ನು ಕೆಲವರು ಕನ್ನಡದ ಉಪಭಾಷೆ ಎನ್ನುತ್ತಾರೆ, ಕೆಲವರು ಬೇರೆ ಭಾಷೆ ಎನ್ನುತ್ತಾರೆ. ೧೯೩೯ರಲ್ಲಿ ಎಂ. ಬಿ. ಎಮೆನೊ ಅವರು ಅದರ ಸ್ವರಗಳಲ್ಲಿ ಎರಡು ಹಂತದ ಮೂರ್ಧನ್ಯತೆಯನ್ನು ವಿವರಿಸಿದರು. ಇಂಥ ಸ್ವರವನ್ನು ಗುರುತುಳ್ಳ ರೋಮನ್ ಅಕ್ಷರದಿಂದ ತೋರಿಸಿದ ಕಡೆ ಗುರುತು ಉದುರಿದರೆ, ವಿವಾದವನ್ನು ತೀರ್ಮಾನಿಸಬೇಕಾದ ಸಾಕ್ಷಿಯೇ ಉದುರಿದಂತೆ.

ರೋಮನ್ ಲಿಪ್ಯಂತರದ ವಿಷಯದಲ್ಲಿ ಸಂಸ್ಕೃತದವರಾದ ನಾವು ಒಂದು ಮಾತು ನೆನಪಿಡಬೇಕು. ಸಂಸ್ಕೃತದ ಏ, ಓ ಯಾವಾಗಲೂ ದೀರ್ಘ. ಆದ್ದರಿಂದ ಸಂಸ್ಕೃತದ ಪದ್ಧತಿಯಲ್ಲಿ ಅವುಗಳಿಗೆ ಮೇಲ್ಗೆರೆ ಇಲ್ಲ. ಕನ್ನಡಕ್ಕೆ ಅದೇ ಪದ್ಧತಿ ಹಾಕಿದರೆ 'ಕೊಡು', 'ಕೋಡು' ಒಂದೇ ಆಗುತ್ತವೆ. ೨೦೦೧ರ ಐಎಸ್ಒ ೧೫೯೧೯ ಪದ್ಧತಿಯಲ್ಲಿ ದೀರ್ಘಕ್ಕೆ ಮೇಲ್ಗೆರೆ ಉಂಟು. ಗಡಿನಾಡ ಪದಪಟ್ಟಿಗಳಿಗೆ ಇದೇ ತಕ್ಕದ್ದು.

೫

ಕಣ್ಣಿಗೆ ಕಾಣದ ದೋಷ ಇನ್ನೂ ಕೆಟ್ಟದ್ದು. ಚುಕ್ಕೆಯಿರುವ ರೋಮನ್ 'ಎಲ್' ಅನ್ನು ಒಂದೇ ಸಂಕೇತವಾಗಿ ಬರೆಯಬಹುದು, 'ಎಲ್' ಮತ್ತು ಚುಕ್ಕೆ ಎಂದು ಎರಡಾಗಿಯೂ ಬರೆಯಬಹುದು. ಕನ್ನಡದ ಓತ್ವವೂ ಹಾಗೇ: ಒಂದೇ ಸಂಕೇತ, ಇಲ್ಲವೆ ಎಕಾರದ ಗುರುತು, ಊಕಾರದ ಗುರುತು, ಮೇಲೊಂದು ದೀರ್ಘ ಎಂದು ಮೂರು. ನೋಟ ಒಂದೇ, ಸಂಖ್ಯೆ ಬೇರೆ. ಹುಡುಕಿದರೆ ಒಂದು ಸಿಕ್ಕಿ ಇನ್ನೊಂದು ಸಿಗದಿರಬಹುದು. ಪದಗಳ ಎಣಿಕೆಯಲ್ಲಿ ಒಂದೇ ಪದ ಎರಡಾಗುತ್ತದೆ. ಅದಕ್ಕೇ ಎಣಿಕೆಗೆ ಮುಂಚೆ ಇಡೀ ಕಡತವನ್ನು ಒಂದೇ ರೂಪಕ್ಕೆ ತರುವ ಸಂಸ್ಕಾರ ಅಗತ್ಯ.

ಮತ್ತೆ, ಕೂಡುವ ಮತ್ತು ಕೂಡದಂತೆ ತಡೆಯುವ ಎರಡು ಅದೃಶ್ಯ ಸಂಕೇತಗಳಿವೆ. 'ಬಂದ್‌ಬಿಟ್ಟ' ಎಂದು ಬರೆಯಲು ತಡೆಯುವ ಸಂಕೇತ ಬೇಕು. ಅದು ಹೋದರೆ 'ಬಂದ್ಬಿಟ್ಟ' ಆಗುತ್ತದೆ. 'ರ‍್ಯಾಂಕ್' ಎಂಬಲ್ಲಿ ಕೂಡುವ ಸಂಕೇತ ಹೋದರೆ 'ರ್ಯಾಂಕ್'. ಆಡುಮಾತನ್ನು ಬರೆದುಕೊಳ್ಳುವವರಿಗೆ ಪದದ ಸೀಮೆ ತೋರಿಸಲು ತಡೆಯುವ ಸಂಕೇತವೇ ಆಧಾರ, ಪದಪಾಠದಲ್ಲಿ ಅವಗ್ರಹ ಇದ್ದ ಹಾಗೆ. ಕೆಲವು ಶುದ್ಧೀಕರಣ ಸಾಧನಗಳು ಇವನ್ನು ಕಸವೆಂದು ಗುಡಿಸಿಹಾಕುತ್ತವೆ.

ಕೊನೆಗೊಂದು ನಿದರ್ಶನ. ಹಳಗನ್ನಡದ ೞಕಾರಕ್ಕೆ ಯೂನಿಕೋಡಿನಲ್ಲಿ ತಪ್ಪಾಗಿ 'ಎಫ್' ಧ್ವನಿಯ ಹೆಸರು ಬಿತ್ತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮ. ಆದ್ದರಿಂದ ತಪ್ಪು ಹೆಸರನ್ನು ಅಳಿಸದೆ, ಪಕ್ಕದಲ್ಲಿ ಸರಿಯಾದ ಹೆಸರನ್ನೂ ದಾಖಲಿಸಿದರು. ಗ್ರಂಥಸಂಪಾದನೆಯಲ್ಲಿ ನಾವು ಕಲಿತದ್ದೂ ಇದನ್ನೇ ಅಲ್ಲವೆ? ಮೂಲಪಾಠವನ್ನು ಕೆಡಿಸದೆ ತಿದ್ದುಪಡಿಯನ್ನು ಅಡಿಯಲ್ಲಿ ಕೊಡುವುದು. ಓಲೆಗರಿಗೆ ತೋರಿಸುವ ಗೌರವವನ್ನು ಕಡತಕ್ಕೂ ತೋರಿಸಬೇಕು.

ಆದಕಾರಣ ಸಂಗ್ರಾಹಕರಲ್ಲಿ ನನ್ನ ವಿಜ್ಞಾಪನೆ: ಮೂಲ ಕಡತದ ಒಂದು ಪ್ರತಿಯನ್ನು ಮುಟ್ಟದೆ ಇಡಿ. ನಿದಾನ ತಿಳಿಯದೆ ಉಳಿಸುವ ಗುಂಡಿ ಒತ್ತಬೇಡಿ. ಬಳಸಿದ ವಿಶೇಷ ಅಕ್ಷರಗಳನ್ನೂ ಅವುಗಳ ಉಚ್ಚಾರಣೆಯನ್ನೂ ಮುನ್ನುಡಿಯಲ್ಲಿ ಮಾತಿನಲ್ಲೇ ವಿವರಿಸಿ. ಅಕ್ಷರ ಚೌಕವಾದರೂ ವಿವರಣೆ ಉಳಿದಿರುತ್ತದೆ. ಗಡಿಯಾಚೆಯ ಹಿರಿಯರು ಆಡಿದ ಒಂದು ಧ್ವನಿ ನಮ್ಮ ಯಂತ್ರದಲ್ಲಿ ಇವತ್ತು ಕಾಣಿಸದಿದ್ದರೆ ಚಿಂತೆಯಿಲ್ಲ, ನಾಳೆ ಕಂಡೀತು. ಅದನ್ನು ತೆಗೆದುಹಾಕಿದರೆ ನಾಳೆಯ ಫಾಂಟಿಗೂ ತೋರಿಸಲು ಏನೂ ಇರುವುದಿಲ್ಲ.