ಮೀಯುವ ಮುನ್ನ ಒಂದು ಮಾತ್ರೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಮನೆಗಳಲ್ಲಿ ತಲೆಗೆ ನೀರೆಂದರೆ ಹಂಡೆಯ ಹಬೆಯಾಡುವ ನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಹುಯ್ಯುವುದು. ಕೆಲವರಿಗೆ ಫಿಟ್ಸ್ ಬರುವುದು ಆ ಹೊತ್ತಿನಲ್ಲೇ. ಬಿಸಿನೀರಿನ ಮೂರ್ಛೆ ಜಪಾನ್, ಟರ್ಕಿಯಲ್ಲೂ ಕಂಡಿದೆ. ಆದರೆ ವೈದ್ಯಸಾಹಿತ್ಯದಲ್ಲಿ ಅದಕ್ಕೆ ದೊಡ್ಡ ಜಾಗ ಸಿಕ್ಕಿದ್ದು ಕರ್ನಾಟಕದಿಂದ. ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು.

ಮೊದಲ ಮದ್ದು ನೀರನ್ನು ಆರಿಸುವುದು. ಅದು ಸಾಲದಿದ್ದರೆ, ಮೀಯುವುದಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಮಾತ್ರೆ. ಈ ಕ್ರಮವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮಿದುಳಿನ ಉದ್ರೇಕವನ್ನು ತಡೆಯುವ ಗಾಬಾ ಎಂಬ ರಾಸಾಯನಿಕದ ಗ್ರಾಹಕಗಳಿಗೆ ಕ್ಲೋಬಜಾಮ್ ಬಲ ಕೊಡುತ್ತದೆ. ದಿನವೂ ತಿಂಗಳುಗಟ್ಟಲೆ ನುಂಗಿದರೆ ಹಲವರಲ್ಲಿ ಆ ಗ್ರಾಹಕಗಳೇ ಮದ್ದಿಗೆ ಒಗ್ಗಿಹೋಗುತ್ತವೆ. ಅದೇ ಮಾತ್ರೆ ಮೊದಲಿನಷ್ಟು ಹಿಡಿಯುವುದಿಲ್ಲ. ಹಾಗೆ ಒಗ್ಗಿದ ಮಿದುಳಿಗೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಇನ್ನೂ ಜೋರಾಗಿ ಮರಳಬಹುದು. ವಾರಕ್ಕೊಮ್ಮೆ, ತಲೆಗೆ ನೀರು ಹುಯ್ಯುವ ದಿನ ಮಾತ್ರ ಕೊಟ್ಟರೆ ಒಗ್ಗಲು ಗ್ರಾಹಕಗಳಿಗೆ ವೇಳೆಯೇ ಸಿಗದು. ರೋಗಿಯ ಸ್ನಾನದ ಲಯವನ್ನೇ ಚಿಕಿತ್ಸೆಯ ಲಯವಾಗಿಸಿಕೊಂಡ ಜಾಣ್ಮೆ ಇದು.

ಆದರೆ ಈ ಜಾಣ್ಮೆ ಮನೆಯವರ ಮೇಲೆ ಬಹಳ ಭಾರ ಹೊರಿಸುತ್ತದೆ. ಯುಗಾದಿಯ ದಿನ ನಸುಕಿಗೇ ಎಣ್ಣೆನೀರು; ಎರಡು ಗಂಟೆ ಮುಂಚೆ ಎದ್ದು ಮಗುವಿಗೆ ಮಾತ್ರೆ ಕೊಡುವವರು ಯಾರು? ಮದುವೆಗೆ ಬಂದ ಹುಡುಗಿಯಾದರೆ ಕಾಯಿಲೆಯನ್ನೇ ಮುಚ್ಚಿಡುತ್ತಾರೆ, ಅವಳು ಬಚ್ಚಲಿನ ಅಗಳಿ ಹಾಕಿಕೊಂಡು ಒಬ್ಬಳೇ ಮೀಯುತ್ತಾಳೆ. ಇದಕ್ಕಿಂತ ದೊಡ್ಡ ಕೊರತೆ ಬೇರೆ. ಈ ರೋಗಿಗಳಲ್ಲಿ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗ ಜನರಿಗೆ ವರ್ಷಗಳ ಮೇಲೆ ನೀರಿನ ನಂಟೇ ಇಲ್ಲದೆ ಫಿಟ್ಸ್ ಶುರುವಾಗುತ್ತದೆ. ಅವರಿಗೆ ಸ್ನಾನದ ಮಾತ್ರೆ ಸಾಲದು. ಕಾರ್ಬಮಜೆಪಿನ್‌ನಂಥದ್ದು ದಿನವೂ ಬೇಕು. ನರಕೋಶದ ಸೋಡಿಯಂ ದ್ವಾರಗಳ ಮೇಲೆ ಕೆಲಸ ಮಾಡುವ ಆ ಮದ್ದಿಗೆ ಮಿದುಳು ಕ್ಲೋಬಜಾಮ್‌ಗೆ ಒಗ್ಗುವಷ್ಟು ಬೇಗ ಒಗ್ಗುವುದಿಲ್ಲ.

ಒಂದು ಕ್ರಮದಿಂದ ಇನ್ನೊಂದಕ್ಕೆ ಯಾವಾಗ ದಾಟಬೇಕೆಂದು ಮನೆಯವರಿಗೆ ಹೇಗೆ ತಿಳಿಯಬೇಕು? ನಿಮ್ಹಾನ್ಸ್ ಮಧುಗಿರಿಯಲ್ಲಿ ವಿಸ್ತರಣಾ ಚಿಕಿತ್ಸಾಲಯ ನಡೆಸಿದ್ದು ಇಂಥ ದೂರದವರಿಗಾಗಿಯೇ. ಆದರೂ ಪಾವಗಡದ ಗಡಿಯ ಹಳ್ಳಿಯಿಂದ ಅಲ್ಲಿಗೂ ಒಂದು ದಿನದ ಕೂಲಿ ಬಿಟ್ಟೇ ಬರಬೇಕು. ಹಾಗಾಗಿ ಚೀಟಿಯಲ್ಲಿ "ಸ್ನಾನಕ್ಕೆ ಮುಂಚೆ ಒಂದು" ಎಂದಷ್ಟೇ ಬರೆದರೆ ಅರ್ಧ ಚಿಕಿತ್ಸೆ. ಹೊಲದಲ್ಲಿ ನಿಂತವರು ಇದ್ದಕ್ಕಿದ್ದಂತೆ ಮಂಕಾಗಿ ದಿಟ್ಟಿಸಿದರೆ, ಬೆಳಿಗ್ಗೆ ಏಳುವಾಗ ನಾಲಿಗೆ ಕಚ್ಚಿಕೊಂಡಿದ್ದರೆ ಮುಂದಿನ ತಾರೀಖಿಗೆ ಕಾಯದೆ ಬನ್ನಿ ಎಂಬುದನ್ನೂ ಅದೇ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಬೇಕು.